ಗರಗಸದಣ್ಣನನ್ನು ಏನೆಂದು ಕರೆಯುವುದು?

ಮುಂದೆ ಹೋಗುತ್ತಿದ್ದವರ ಬೆನ್ನಿನ ಬ್ಯಾಗಿನ ಜಿಪ್ ಬಾಯಿ ಬಿಟ್ಟುಕೊಂಡಿತ್ತು.

ಮೊದಲು ಒಂದು ಗ್ಲೌಸ್ ಬಿತ್ತು. ಹಿಂದೆ ಬರುತ್ತಿದ್ದ ಗಿಲಕಿ ಅದನ್ನು ಎತ್ತಿಕೊಂಡಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಇನ್ನೊಂದು ಗ್ಲೌಸ್ ಬಿತ್ತು. ಅದನ್ನೂ ಎತ್ತಿಕೊಂಡಳು. ದಾರಿ ಏರಾದಂತೆ ಬ್ಯಾಗು ಅತ್ತಿತ್ತ ಓಲಾಡಿತು. ಬ್ರೆಡ್ಡಿನ ಪ್ಯಾಕೆಟ್ಟು ಮೆಲ್ಲಗೆ ತಲೆ ಹೊರಗೆ ಹಾಕಿ, ಯೋಚನೆ ಮಾಡಿ, ಧೊಪ್ಪೆಂದು ಕೆಳಗೆ ಬಿತ್ತು.

ಗಿಲಕಿಯ ಎರಡೂ ಕೈ ತುಂಬಿದವು. ಈಗ ಹಗ್ಗದ ಸುರುಳಿಯೂ ಇಣುಕುತ್ತಿತ್ತು.

'ನಿಮ್ಮ ಬ್ಯಾಗ್ ತೆರೆದಿದೆ' ಎನ್ನಲು ಎಷ್ಟು ಹೊತ್ತು ಬೇಕು? ಮಾತು ಬಾಯಿಯ ತನಕ ಬಂದಿತ್ತು. ಆದರೆ ಅದಕ್ಕೆ ಮುಂಚೆ ಅವರನ್ನು ಕರೆಯಬೇಕಲ್ಲ? ಏನೆಂದು ಕರೆಯುವುದು?

ಕೊನೆಗೆ ಅವಳು ಜೋರಾಗಿ ಕೆಮ್ಮಿದಳು. ಅವರು ತಕ್ಷಣ ತಿರುಗಿ, ನೀರು ಬೇಕಾ ಎಂದು ಕೇಳಿದರು. ಆಮೇಲೆ ಅವಳ ಕೈಯಲ್ಲಿದ್ದ ಗ್ಲೌಸು, ಬ್ರೆಡ್ಡು ಎಲ್ಲ ನೋಡಿದರು. ಬ್ಯಾಗು ಇಳಿಸಿ ಜಿಪ್ ಎಳೆದರು. ಒಂದು ಮಾತು ಹೇಳಬಾರದಿತ್ತಾ ಎಂದು ಕೇಳುವವರಿದ್ದರೇನೋ. ಅವಳ ಮುಖ ನೋಡಿ ಮುಂದೆ ನಡೆದರು.

ಗಿಲಕಿ ಎಂಬುದು ಅವಳ ನಿಜವಾದ ಹೆಸರಲ್ಲ. ತೊಟ್ಟಿಲಲ್ಲಿದ್ದಾಗಿನಿಂದ ಬಾಯಿ ಸುಮ್ಮನಿರದ ಮಗು ಎಂದು ಅಮ್ಮ ಇಟ್ಟ ಅಡ್ಡಹೆಸರು. ಈಗ ಸ್ಕೂಲಿನಲ್ಲೂ ಅದೇ ನಡೆಯುತ್ತಿತ್ತು. ಅವಳ ಮಾತು ಕಮ್ಮಿಯಾಗಲಿ ಎಂದು ಮಿಸ್ಸು ಎಷ್ಟೋ ಸಲ ಜಾಗ ಬದಲಿಸಿದ್ದರು. ಹೋದ ಜಾಗದಲ್ಲೆಲ್ಲ ಅವಳಿಗೆ ಹೊಸ ಗೆಳತಿಯರು ಸಿಕ್ಕರು, ಅಷ್ಟೇ.

ಅಂಥ ಹುಡುಗಿ ಮನೆಯಲ್ಲಿ ಒಬ್ಬರ ಮುಂದೆ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಅವರು ಅಮ್ಮನನ್ನು ಮದುವೆಯಾದವರು. ಬೇಸಿಗೆ ರಜೆಯಲ್ಲಿ ಒಂದು ಟ್ರಂಕು, ಒಂದು ಹಳೇ ರೇಡಿಯೋ ಹಿಡಿದುಕೊಂಡು ಇವರ ಮನೆಗೆ ಬಂದವರು. ಅರಣ್ಯ ಇಲಾಖೆಯಲ್ಲಿ ಕಾಲುದಾರಿಗಳನ್ನು ನೋಡಿಕೊಳ್ಳುವ ಕೆಲಸ. ಮರ ಬಿದ್ದರೆ ಕೊಯ್ದು ತೆಗೆಯಬೇಕು, ಮುಳ್ಳು ಬೆಳೆದರೆ ಸವರಬೇಕು. ಪ್ಯಾಂಟಿನ ಜೇಬಿನಲ್ಲಿ ಯಾವಾಗಲೂ ಒಂದು ಮಡಚುವ ಗರಗಸ. ಅದಕ್ಕೇ ಬೀದಿಯವರೆಲ್ಲ ಅವರನ್ನು ಗರಗಸದಣ್ಣ ಎನ್ನುತ್ತಿದ್ದರು.

ಗಿಲಕಿಯೂ ಹಾಗೇ ಅನ್ನಬಹುದಿತ್ತು. ಒಂದು ದಿನ ಅಮ್ಮನನ್ನು ಕೇಳಿಯೂ ಕೇಳಿದಳು. ಅಮ್ಮ ನಕ್ಕುಬಿಟ್ಟಳು. "ಅವರು ನಿನಗೆ ಅಣ್ಣ ಆದ್ರೆ, ನಾನು ಅವರಿಗೆ ಏನಾಗ್ತೀನಿ? ಸ್ವಲ್ಪ ಲೆಕ್ಕ ಹಾಕು."

ಗಿಲಕಿ ಲೆಕ್ಕ ಹಾಕಿದಳು. ಅಮ್ಮ ಅವರಿಗೂ ಅಮ್ಮ ಆಗುತ್ತಿದ್ದಳು. ಅದು ಸರಿಹೋಗಲಿಲ್ಲ.

'ಅಂಕಲ್' ಎಂದು ಒಮ್ಮೆ ಕರೆದು ನೋಡಿದ್ದಳು. ಅಮ್ಮ ಏನೂ ಅನ್ನಲಿಲ್ಲ. ಆದರೆ ಅವಳ ಕೈಯಲ್ಲಿದ್ದ ಸೌಟು ಪಾತ್ರೆಯೊಳಗೆ ಹಾಗೇ ನಿಂತಿತು. ಅಂಗಡಿಯವರೂ ಅಂಕಲ್, ಸ್ಕೂಲ್ ವ್ಯಾನಿನವರೂ ಅಂಕಲ್, ನಲ್ಲಿ ರಿಪೇರಿಗೆ ಬಂದವರೂ ಅಂಕಲ್. ಚಿಕ್ಕಪ್ಪ ಎನ್ನೋಣವೆಂದರೆ ಅವರು ಅಪ್ಪನ ತಮ್ಮ ಅಲ್ಲ. ಮಾಮ ಎನ್ನೋಣವೆಂದರೆ ಅಮ್ಮನ ತಮ್ಮ ಅಲ್ಲ.

ಉಳಿದದ್ದು ಒಂದೇ ಮಾತು. ಅದು ಬೇರೆಯವರದು.

ಗಿಲಕಿಯ ಅಪ್ಪ ತೀರಿಕೊಂಡಾಗ ಅವಳು ಇನ್ನೂ ಎಲ್‌ಕೆಜಿ. ಅಪ್ಪನ ಮುಖ ಫೋಟೋ ನೋಡಿದರೇ ನೆನಪಾಗುತ್ತಿತ್ತು. ದನಿ ಮಾತ್ರ ಹಾಗೇ ಉಳಿದಿತ್ತು. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಓಡಾಡುವಾಗ, ಬಾಗಿಲು ಬಂದ ಕೂಡಲೇ "ತಲೆ ಬಗ್ಸು, ಮಹಾರಾಣಿ" ಎನ್ನುತ್ತಿದ್ದ ದನಿ. ಆ 'ಅಪ್ಪ' ಎಂಬ ಮಾತನ್ನು ಎತ್ತಿ ಇನ್ನೊಬ್ಬರಿಗೆ ಕೊಟ್ಟುಬಿಟ್ಟರೆ, ಆ ದನಿ ಎಲ್ಲಿಗೆ ಹೋಗಬೇಕು?

ಅಮ್ಮನಿಗೆ ಈ ಕಷ್ಟವೇ ಇರಲಿಲ್ಲ. ಅಡುಗೆಮನೆಯಿಂದ 'ರೀ' ಎನ್ನುತ್ತಿದ್ದಳು. ಬಚ್ಚಲಿನಿಂದ 'ರೀ, ಟವೆಲ್' ಎನ್ನುತ್ತಿದ್ದಳು. ಅವರು ಎಲ್ಲಿದ್ದರೂ 'ಆಂ' ಎಂದು ಓಡಿ ಬರುತ್ತಿದ್ದರು. ಗಂಡನನ್ನು ಕರೆಯುವುದು ಎಷ್ಟು ಸುಲಭವಪ್ಪಾ ಎಂದು ಗಿಲಕಿಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಇನ್ನೊಂದು ವಿಷಯವೂ ಅವಳಿಗೆ ಸೇರುತ್ತಿರಲಿಲ್ಲ. ಸಂಜೆ ಕೆಲಸದಿಂದ ಬಂದವರು ನೇರವಾಗಿ ಒಳಗೆ ಬರುತ್ತಿರಲಿಲ್ಲ. ಬಾಗಿಲ ಹೊರಗೆ ನಿಂತು ಧಬ್ ಧಬ್ ಎಂದು ಶೂ ಬಡಿಯುತ್ತಿದ್ದರು. ಮಣ್ಣೆಲ್ಲ ಉದುರಿದ ಮೇಲೂ ಬಡಿಯುತ್ತಿದ್ದರು. ಹೋಮ್‌ವರ್ಕ್ ಮಾಡುತ್ತಿದ್ದ ಗಿಲಕಿ ದಿನಾ ಬೆಚ್ಚಿಬೀಳುತ್ತಿದ್ದಳು. ಅಕ್ಷರ ಗೆರೆ ದಾಟಿ ಓಡುತ್ತಿತ್ತು.

ಇವತ್ತು ಅವಳು ಅವರ ಹಿಂದೆ ಬರಬೇಕಾಗಿ ಬಂದದ್ದು ಮೊನ್ನೆಯ ಗಾಳಿಯಿಂದ. ಸ್ಕೂಲಿನ ಮೇಲಿನ ಶೀಟುಗಳು ಹಾರಿಹೋಗಿ ರಜಾ ಕೊಟ್ಟಿದ್ದರು. ಅಮ್ಮನಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಡ್ಯೂಟಿ, ಅಲ್ಲಿ ರಜೆ ಕೇಳುವ ಹಾಗೇ ಇರಲಿಲ್ಲ. ಪಕ್ಕದ ಮನೆಯವರ ಗೋಡೆ ಕುಸಿದು ಅವರದ್ದೇ ಅವರಿಗೆ ಸಾಕಾಗಿತ್ತು. ಹಾಗಾಗಿ ಅಮ್ಮ ಗಿಲಕಿಯ ತಲೆಗೆ ಟೋಪಿ ತೊಡಿಸಿ, ಅವರು ಹೇಳಿದ ಹಾಗೆ ಕೇಳಬೇಕು ಎಂದು ಹೇಳಿ ಕಳಿಸಿದ್ದಳು.

ಗುಡ್ಡದ ಆಚೆ ಕೆಲವು ಮನೆಗಳಿದ್ದವು. ಅಲ್ಲಿಗೆ ಈ ಕಾಲುದಾರಿ ಬಿಟ್ಟರೆ ಬೇರೆ ದಾರಿಯಿಲ್ಲ. ಅಲ್ಲೊಂದು ಮನೆಯಲ್ಲಿ ಈಗಷ್ಟೇ ಹುಟ್ಟಿದ ಮಗು, ಅದರ ತಾಯಿಗೆ ಜ್ವರ. ನರ್ಸಮ್ಮ ಇವತ್ತು ಹೋಗಲೇಬೇಕು, ದಾರಿ ಬಿಡಿಸಿಕೊಡಿ ಎಂದು ಬೆಳಿಗ್ಗೆಯೇ ಫೋನ್ ಬಂದಿತ್ತು. ಇಲಾಖೆಯ ಮೋಟಾರ್ ಗರಗಸಗಳೆಲ್ಲ ದೊಡ್ಡ ರಸ್ತೆಗೆ ಹೋಗಿದ್ದವು, ಜನರೂ ಅಲ್ಲೇ. ಈ ದಾರಿಗೆ ಉಳಿದದ್ದು ಗರಗಸದಣ್ಣ ಮತ್ತು ಅವರ ಜೇಬಿನ ಗರಗಸ.

ಮೊದಲು ಸಿಕ್ಕಿದ್ದು ಚಿಕ್ಕ ಮರ. ದಾರಿಗೆ ಅಡ್ಡ ಮಲಗಿತ್ತು. ಅವರು ಜೇಬಿನಿಂದ ಗರಗಸ ತೆಗೆದು ಬಿಚ್ಚಿದರು. ಹಿಡಿಯೊಳಗೆ ಅಡಗಿದ್ದ ಅಲಗು ಹೊರಬಂದು ಟಕ್ ಎಂದು ಲಾಕ್ ಆಯಿತು. ಸಾಲು ಹಲ್ಲು, ಒಂದೊಂದೂ ಚೂಪು.

ಇಷ್ಟು ಪುಟಾಣಿ ಗರಗಸದಲ್ಲಿ ಮರ ಕೊಯ್ಯುವುದೇ ಎಂದು ಗಿಲಕಿಗೆ ಅನುಮಾನ. ಆದರೆ ಕೆಲಸ ಶುರುವಾದ ಮೇಲೆ ಅವಳಿಗೆ ಕಣ್ಣು ತೆಗೆಯಲಾಗಲಿಲ್ಲ. ಅವರು ಅವಸರ ಮಾಡುತ್ತಿರಲಿಲ್ಲ. ಎಳೆದಾಗ ಸರ್ ಎಂದು ಸದ್ದು, ಹಿಂದೆ ಹೋಗುವಾಗ ಸದ್ದೇ ಇಲ್ಲ. ಪ್ರತಿ ಎಳೆತಕ್ಕೂ ತೆಳು ಹಳದಿ ಹುಡಿ ಅವರ ಶೂ ಮೇಲೆ ಉದುರುತ್ತಿತ್ತು. ಕತ್ತರಿಸಿದ ಹಸಿ ಮರದ ವಾಸನೆ ಸೌತೆಕಾಯಿಯ ಹಾಗಿತ್ತು.

ಅವಳು ನೋಡುತ್ತಿರುವುದನ್ನು ಅವರು ನೋಡಿದರು. ಬೆರಳು ದಪ್ಪದ ಒಂದು ಕೊಂಬೆ ತೋರಿಸಿ, ಕೊಯ್ತೀಯಾ ಎಂದು ಕೇಳಿದರು. ಗಿಲಕಿ ತಲೆಯಾಡಿಸಿದಳು. ಅವರು ತಮ್ಮ ಗ್ಲೌಸ್ ಬಿಚ್ಚಿ ಅವಳಿಗೆ ಹಾಕಿದರು. ಅದು ಅವಳ ಮೊಣಕೈ ತನಕ ಬಂತು.

ಅವಳು ಗರಗಸವನ್ನು ಜೋರಾಗಿ ಮುಂದಕ್ಕೆ ತಳ್ಳಿದಳು. ಅಲಗು ಬಳುಕಿ ಅಲ್ಲೇ ಸಿಕ್ಕಿಕೊಂಡಿತು.

"ತಳ್ಳಬಾರದಮ್ಮ," ಎಂದರು ಅವರು. "ಇದರ ಹಲ್ಲು ನಮ್ಮ ಕಡೆ ತಿರುಗಿದೆ ನೋಡು. ಹೋಗುವಾಗ ಸುಮ್ನೆ ಹೋಗ್ಬೇಕು. ಬರುವಾಗ ಎಳ್ಕೊಂಡು ಬರ್ಬೇಕು."

ಅವಳು ಹಾಗೇ ಮಾಡಿದಳು. ಸರ್. ಸರ್. ಕೊಂಬೆ ಚಟ್ಟೆಂದು ಕಳಚಿ ಬಿದ್ದಾಗ ಅವಳ ಬಾಯಿಂದ ಒಂದು ನಗು ತಪ್ಪಿಸಿಕೊಂಡಿತು. ತಕ್ಷಣ ಬಾಯಿ ಮುಚ್ಚಿಕೊಂಡಳು. ಅವರು ಮರದ ಕಡೆ ತಿರುಗಿ ನಿಂತಿದ್ದರು, ನಗು ಕೇಳಿಸಿತೋ ಇಲ್ಲವೋ.

ದೊಡ್ಡ ಮರ ಸಿಕ್ಕಿದ್ದು ಹಳ್ಳದ ಹತ್ತಿರ.

ಅಲ್ಲಿ ನೀರು ಬಂಡೆಗಳ ಮೇಲೆ ಜಿಗಿದು ಗಲಾಟೆ ಮಾಡುತ್ತಿತ್ತು. ಮಾತಾಡಿದರೆ ಕೂಗಿಯೇ ಮಾತಾಡಬೇಕು. ಗಿಲಕಿಯ ಸೊಂಟಕ್ಕಿಂತ ದಪ್ಪದ ಮರವೊಂದು ದಾರಿಗೆ ಅಡ್ಡವಾಗಿ ಬಿದ್ದಿತ್ತು. ಒಂದು ತುದಿ ಮೇಲಿನ ದಿಬ್ಬದಲ್ಲಿ, ಇನ್ನೊಂದು ತುದಿ ಕೆಳಗಿನ ಬಂಡೆಯ ಮೇಲೆ. ನಡುವೆ ಸೇತುವೆಯ ಹಾಗೆ ತೂಗುತ್ತಿತ್ತು. ಕೆಳಗೆ ನುಸುಳಲು ಜಾಗ ಸಾಲದು. ಮೇಲೆ ಹತ್ತಲು ಪಾಚಿ ಬಿಡದು.

ಅವರು ಕೂಡಲೇ ಗರಗಸ ತೆಗೆಯಲಿಲ್ಲ. ಮರದ ಸುತ್ತ ಒಂದು ಸಲ ನಡೆದರು. ಬಗ್ಗಿ ನೋಡಿದರು, ತಟ್ಟಿ ನೋಡಿದರು. ಆಮೇಲೆ ಒಂದು ಹಸಿ ಕಡ್ಡಿ ಮುರಿದು ಎರಡೂ ಕೈಯಲ್ಲಿ ಹಿಡಿದು, ನಡು ಕೆಳಗೆ ಬರುವಂತೆ ಅವಳ ಮುಂದೆ ಬಗ್ಗಿಸಿದರು. ಮೇಲ್ಗಡೆ ಒತ್ತಿಕೊಳ್ಳುತ್ತದೆ, ಕೆಳಗಡೆ ಹಿಗ್ಗುತ್ತದೆ. ಈ ಮರವೂ ಹಾಗೇ ಬಗ್ಗಿ ನಿಂತಿದೆ. ಮೇಲಿನಿಂದಲೇ ಕೊಯ್ಯುತ್ತಾ ಹೋದರೆ ಮರ ಗರಗಸವನ್ನು ಕಚ್ಚಿಕೊಂಡುಬಿಡುತ್ತದೆ, ಮತ್ತೆ ಬಿಡುವುದಿಲ್ಲ. ಅದಕ್ಕೆ ಮೇಲೆ ಸ್ವಲ್ಪ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ ಕೊಯ್ಯಬೇಕು ಎಂದು ಅವರು ವಿವರಿಸಿದರು.

ಆಮೇಲೆ ತಲೆ ಎತ್ತಿ ನೋಡಿದರು. ಪಕ್ಕದ ಮರದಲ್ಲಿ ಒಂದು ಮುರಿದ ಕೊಂಬೆ ಬಳ್ಳಿಗಳ ನಡುವೆ ಸಿಕ್ಕಿಕೊಂಡು ನೇತಾಡುತ್ತಿತ್ತು. ಅವರು ಹಗ್ಗ ಎಸೆದು ಅದನ್ನು ಹಿಡಿದು ಎಳೆದರು. ಜಗ್ಗಿ ಎಳೆದರು. ಅದು ಅಲುಗಲಿಲ್ಲ.

"ಬೀಳೋ ಹಾಗೆ ಕಾಣ್ತಿಲ್ಲ," ಎಂದರು. "ಆದ್ರೂ ನೀನು ಆ ಬಂಡೆ ಮೇಲೆ ನಿಂತ್ಕೊಂಡು ಅದನ್ನೇ ನೋಡ್ತಿರು. ನನ್ನ ಕಣ್ಣು ಕೆಳಗಿರುತ್ತೆ. ಅದು ಒಂಚೂರು ಅಲುಗಿದ್ರೂ ಕೂಗು. ನೀರಿನ ಸದ್ದು ಇದೆ, ಜೋರಾಗಿ ಕೂಗು."

ಗಿಲಕಿ ದೂರದ ಬಂಡೆ ಹತ್ತಿ ನಿಂತಳು. ಅವಳಿಗೆ ಭಯವಾದದ್ದು ಕೊಂಬೆಯಿಂದಲ್ಲ, ಕೂಗಬೇಕಲ್ಲ ಎಂಬುದರಿಂದ.

ಅವರು ಹೆಲ್ಮೆಟ್ ಸರಿಮಾಡಿಕೊಂಡು ಮೇಲಿನಿಂದ ಸ್ವಲ್ಪ ಕೊಯ್ದರು. ಆಮೇಲೆ ಮರದ ಪಕ್ಕಕ್ಕೆ ಮೊಣಕಾಲೂರಿ ಕೂತು, ಕೈ ಮಾತ್ರ ಕೆಳಗೆ ಚಾಚಿ ಎಳೆಯತೊಡಗಿದರು. ಈಗ ಹುಡಿ ಅವರ ತೋಳಿನ ಮೇಲೆಯೇ ಬೀಳುತ್ತಿತ್ತು. ಸುಸ್ತಾದಾಗ ಕೈ ಝಾಡಿಸಿಕೊಂಡು ಮತ್ತೆ ಎಳೆಯುತ್ತಿದ್ದರು.

ಗಿಲಕಿ ಕೊಂಬೆಯನ್ನೇ ನೋಡಿದಳು. ಕುತ್ತಿಗೆ ನೋಯುವ ತನಕ ನೋಡಿದಳು. ಒಂದು ಅಳಿಲು ಅದರ ಮೇಲೆ ಓಡಿಹೋಯಿತು, ಏನೂ ಆಗಲಿಲ್ಲ. ಗಾಳಿ ಬಂತು, ಎಲೆ ಅಲ್ಲಾಡಿತು, ಏನೂ ಆಗಲಿಲ್ಲ.

ಇನ್ನೊಂದು ಗಾಳಿ ಬಂತು.

ಒಂದು ಬಳ್ಳಿ ದಾರದ ಹಾಗೆ ಬಿಚ್ಚಿಕೊಂಡಿತು. ಕೊಂಬೆಯ ದಪ್ಪ ತುದಿ ಮೆಲ್ಲಗೆ ಕೆಳಗೆ ತಿರುಗಿತು.

ಗಿಲಕಿ ಬಾಯಿ ತೆರೆದಳು. ಬಾಯಿಯಲ್ಲಿ ಏನೂ ಇರಲಿಲ್ಲ. ಅಂಕಲ್ಲೋ ಅಣ್ಣನೋ ಎಂದು ನಾಲಿಗೆ ಹುಡುಕಿತು. ಒಂದೂ ಸಿಗಲಿಲ್ಲ. ಇನ್ನೊಂದು ಬಳ್ಳಿ ಹರಿಯಿತು.

"ರೀ!"

ಅದು ಹೇಗೆ ಬಂತೋ ಅವಳಿಗೇ ಗೊತ್ತಿಲ್ಲ. "ರೀ! ಮೇಲೆ!"

ಅವರು ಮೇಲೆ ನೋಡಲೂ ಇಲ್ಲ, ಏನೆಂದು ಕೇಳಲೂ ಇಲ್ಲ. ಗರಗಸವನ್ನು ಅಲ್ಲೇ ಬಿಟ್ಟು ದಿಬ್ಬದ ಕಡೆಗೆ ಹಾರಿದರು.

ಕೊಂಬೆ ಧಡಾರೆಂದು ಬಿತ್ತು. ಬಿದ್ದ ಮರದ ಮೇಲೆಯೇ ಬಿತ್ತು. ಅರ್ಧ ಕೊಯ್ದಿದ್ದ ಮರ ಆ ಪೆಟ್ಟಿಗೆ ಲಟಲಟನೆ ಮುರಿದು ಕುಸಿಯಿತು. ಎಲೆ, ತರಗು, ಧೂಳು ಎಲ್ಲ ಒಂದಾಗಿ ಎದ್ದವು. ಅವರು ಕೂತಿದ್ದ ಜಾಗವೇ ಕಾಣಲಿಲ್ಲ.

ಧೂಳು ಇಳಿಯಿತು. ಅವರು ದಿಬ್ಬದ ಮೇಲೆ ಕೈಕಾಲು ಊರಿಕೊಂಡು ಕೂತಿದ್ದರು. ಹೆಲ್ಮೆಟ್ ಒಂದು ಕಿವಿಗೆ ಜಾರಿತ್ತು. ಅವರು ದಾರಿಯ ಆ ಕಡೆ ನೋಡಿದರು, ಈ ಕಡೆ ನೋಡಿದರು.

"ನಿಮ್ಮಮ್ಮ ಬಂದ್ರಾ?" ಎಂದು ಕೇಳಿದರು.

ಗಿಲಕಿ ದೊಡ್ಡ ಗ್ಲೌಸಿನಿಂದ ಬಾಯಿ ಮುಚ್ಚಿಕೊಂಡಳು. ಅವಳ ಕಿವಿ ಕೆಂಪಾಯಿತು. ಆಗ ಅವರಿಗೆ ಅರ್ಥವಾಯಿತು. ಅವರು ನಕ್ಕರು, ಮೊದಲು ಮೆಲ್ಲಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ಗಿಲಕಿಗೂ ನಗು ಬಂತು. ನಗುತ್ತಾ ನಗುತ್ತಾ ಅದು ಯಾವಾಗ ಅಳುವಾಯಿತೋ, ಅವಳು ಬಂಡೆಯಿಂದ ಇಳಿದು ಓಡಿಬಂದು ಅವರ ಪಕ್ಕದಲ್ಲಿ ಕೂತು ಬಿಕ್ಕಿದಳು.

ಅವರು ನೀರಿನ ಬಾಟಲಿ ತೆಗೆದರು. ಮುಚ್ಚಳ ತಿರುಗಿಸಲು ಹೋದರೆ ಅದು ಬೆರಳಿನಿಂದ ಮತ್ತೆ ಮತ್ತೆ ಜಾರಿತು. ಗಿಲಕಿ ಮೂಗು ಒರೆಸಿಕೊಂಡು ಬಾಟಲಿ ಇಸಿದುಕೊಂಡಳು. ಮುಚ್ಚಳ ತೆರೆದು ಅವರಿಗೇ ಕೊಟ್ಟಳು.

ಅವರು ಕುಡಿದರು. ಅವಳೂ ಕುಡಿದಳು. ಹಳ್ಳ ತನ್ನ ಪಾಡಿಗೆ ಗಲಾಟೆ ಮಾಡುತ್ತಿತ್ತು.

"ಅದು ಅಲುಗಿದ್ದು ನಾನು ಮೊದಲೇ ನೋಡಿದೆ," ಎಂದಳು ಗಿಲಕಿ. ಅವರ ಕಡೆ ತಿರುಗದೆ, ತನ್ನ ಮೊಣಕಾಲಿಗೆ ಹೇಳಿದಳು. "ಕೂಗೋಣ ಅಂದ್ರೆ ಏನಂತ ಕರೀಬೇಕು ಅಂತ ಗೊತ್ತಾಗ್ಲಿಲ್ಲ. ಅದಕ್ಕೇ ಲೇಟ್ ಆಗ್ಬಿಡ್ತು."

"ಲೇಟ್ ಎಲ್ಲಾಯ್ತು? ಇಲ್ಲೇ ಕೂತಿದೀನಲ್ಲ."

ಅವರು ಜಾರಿದ ಹೆಲ್ಮೆಟ್ ತೆಗೆದು ಪಕ್ಕಕ್ಕಿಟ್ಟರು. ಆಮೇಲೆ ಕೇಳಿದರು, "ನಾನು ಸಂಜೆ ಬಂದಾಗ ಹೊರಗೆ ನಿಂತು ಶೂ ಬಡೀತೀನಲ್ಲ, ಯಾಕೆ ಗೊತ್ತಾ?"

"ಮಣ್ಣು ಹೋಗ್ಲಿ ಅಂತ."

"ಮಣ್ಣು ಎರಡು ಸಲಕ್ಕೇ ಹೋಗುತ್ತೆ. ಅದು ನಿಮ್ಮನೆ. ಬಾಗಿಲು ತಟ್ಟಿದ್ರೆ ನೆಂಟರ ಥರ ಆಗುತ್ತೆ. ತಟ್ಟದೆ ಒಳಗೆ ಬಂದ್ರೆ ನೀನು ಬೆಚ್ಚಿಬೀಳ್ತೀಯೇನೋ ಅಂತ ಭಯ. 'ನಾನು ಬಂದೆ' ಅನ್ನೋಣ ಅಂದ್ರೆ, 'ನಾನು' ಅಂದ್ರೆ ಯಾರು? ನೀನು ಹಾಗೆ ಕೇಳಿದ್ರೆ ನನ್ನ ಹತ್ರ ಉತ್ತರ ಇಲ್ಲ. ಅದಕ್ಕೆ ಶೂ ಬಡೀತೀನಿ."

ಗಿಲಕಿ ಅವರ ಮುಖ ನೋಡಿದಳು. ಇಷ್ಟು ದೊಡ್ಡವರಿಗೂ ಬಾಯಿಂದ ಮಾತು ಬರದೆ ಬಾಗಿಲಲ್ಲಿ ನಿಲ್ಲುವಂತಾಗುತ್ತದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ತಾನು ಒಳಗೆ ಕೂತು ಸಿಟ್ಟು ಮಾಡಿಕೊಳ್ಳುತ್ತಿದ್ದಾಗ, ಅವರು ಹೊರಗೆ ನಿಂತು ಒಳಗೆ ಬರಲಾ ಎಂದು ಶೂಗಳಿಂದ ಕೇಳಿಸುತ್ತಿದ್ದರು.

"ಶೂ ಸದ್ದಿಗೇ ನಾನು ಬೆಚ್ಚಿಬೀಳೋದು," ಎಂದಳು. "ಗೆರೆಯೆಲ್ಲ ಸೊಟ್ಟ ಆಗುತ್ತೆ. ಮಿಸ್ಸು ಬೈತಾರೆ."

ಅವರು ಬೆಪ್ಪಾಗಿ ಅವಳನ್ನೇ ನೋಡಿದರು. ಈ ಸಲ ನಗು ಇಬ್ಬರಿಗೂ ಒಟ್ಟಿಗೇ ಬಂತು.

ಬ್ರೆಡ್ಡು ಬಿಚ್ಚಿದರು. ಬೇಯಿಸಿದ ಮೊಟ್ಟೆ ಸುಲಿದು ಅರ್ಧ ಅರ್ಧ ಮಾಡಿಕೊಂಡರು. ತಿನ್ನುತ್ತಾ ತಿನ್ನುತ್ತಾ ಗಿಲಕಿ ಅಪ್ಪನ ಸುದ್ದಿ ತೆಗೆದಳು. ಹೆಗಲ ಮೇಲೆ ಕೂತಿದ್ದು, ಬಾಗಿಲು ಬಂದಾಗ ತಲೆ ಬಗ್ಗಿಸಿದ್ದು, ಒಂದು ಸಲ ಬಗ್ಗಿಸದೆ ಹಣೆಗೆ ಪೆಟ್ಟು ಬಿದ್ದು ಅಪ್ಪನೇ ಅಳುವ ಹಾಗಾಗಿದ್ದು, ಎಲ್ಲ ಹೇಳಿದಳು. ಅಮ್ಮನ ಮುಂದೆ ಇದನ್ನು ಹೇಳಿದರೆ ಅಮ್ಮನ ಕಣ್ಣು ತುಂಬುತ್ತಿತ್ತು, ಅದಕ್ಕೇ ಹೇಳುವುದನ್ನೇ ಬಿಟ್ಟಿದ್ದಳು. ಅವರು ನಡುವೆ ಬಾಯಿ ಹಾಕದೆ ಕೇಳಿದರು. ಕೊಯ್ಯುವ ಮುಂಚೆ ಮರವನ್ನು ನೋಡುತ್ತಿದ್ದರಲ್ಲ, ಅಷ್ಟೇ ಗಮನ ಕೊಟ್ಟು ಕೇಳಿದರು.

"ಅಪ್ಪ ಅನ್ನೋದು ಅವರ ಮಾತು," ಎಂದರು ಕೊನೆಗೆ. "ಅದು ಅವರ ಹತ್ರಾನೇ ಇರ್ಲಿ. ನನಗೆ ಬೇರೆ ಯಾವುದಾದ್ರೂ ಸಿಗುತ್ತೆ, ಅವಸರ ಏನಿಲ್ಲ. ಸಿಗೋ ತನಕ ನೀನು ಏನಂತ ಕೂಗಿದ್ರೂ ನಾನು ಬರ್ತೀನಿ."

ಊಟ ಮುಗಿಸಿ ಕೆಲಸಕ್ಕೆ ಕೂತರು. ತರಗಿನ ಕೆಳಗೆ ಕೈಯಾಡಿಸಿ ಗರಗಸ ಹುಡುಕಿದರು. ಅದಕ್ಕೇನೂ ಆಗಿರಲಿಲ್ಲ, ಹಿಡಿಯ ಮೇಲೆ ಒಂದು ಗೀರು ಬಿದ್ದಿತ್ತು ಅಷ್ಟೇ. ಇನ್ನೂ ನೇತಾಡುವುದು ಏನಾದರೂ ಇದೆಯೇ ಎಂದು ಇಬ್ಬರೂ ಸೇರಿ ತುಂಬ ಹೊತ್ತು ಮೇಲೆ ನೋಡಿದರು. ಮರದ ನಡುಭಾಗ ಮುರಿದು ದಾರಿಯ ಮೇಲೇ ಕೂತಿತ್ತು. ಅವರು ಇನ್ನೊಂದು ಬದಿಯನ್ನೂ ಕೊಯ್ದರು. ದಪ್ಪದ್ದನ್ನು ಅವರು, ಸಣ್ಣ ರೆಂಬೆಗಳನ್ನು ಗಿಲಕಿ. ಹೋಗುವಾಗ ಸುಮ್ಮನೆ, ಬರುವಾಗ ಎಳೆದುಕೊಂಡು.

ಕೊಯ್ದ ತುಂಡು ಭಾರವಾಗಿತ್ತು. ಇಬ್ಬರೂ ದಿಬ್ಬಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತರು. ಕಾಲುಗಳನ್ನು ತುಂಡಿನ ಮೇಲಿಟ್ಟು, ಉಸಿರು ಬಿಗಿಹಿಡಿದು ಒದ್ದರು. ಅದು ಮೊದಲು ಹಟ ಮಾಡಿತು. ಮತ್ತೆ ಒದ್ದರು. ತುಂಡು ಒಂದು ಸುತ್ತು ಉರುಳಿ, ದಾರಿಯ ಅಂಚು ದಾಟಿ, ಹಳ್ಳದ ಪಕ್ಕದ ಪೊದೆಯೊಳಗೆ ಹೋಗಿ ಕೂತಿತು.

ದಾರಿ ತೆರೆಯಿತು. ಗಿಲಕಿ ಅದರ ಮೇಲೆ ಸುಮ್ಮನೆ ಒಂದು ಸಲ ಆ ಕಡೆ ನಡೆದಳು, ಒಂದು ಸಲ ಈ ಕಡೆ ನಡೆದಳು.

ಅಷ್ಟರಲ್ಲಿ ಕೆಳಗಿನ ತಿರುವಿನಿಂದ ಏದುಸಿರು ಕೇಳಿಸಿತು. ನರ್ಸಮ್ಮ ಬಂದರು. ಗುಂಡಗಿನ ಮೈ, ಹೆಗಲಿಗೆ ನೀಲಿ ಡಬ್ಬಿ, ಕೈಯಲ್ಲಿ ಊರುಗೋಲಿನ ಹಾಗೆ ಹಿಡಿದ ಛತ್ರಿ. ಈ ಊರಿಗೆ ಹೊಸದಾಗಿ ಬಂದವರು. ಮರ ಹಾರಿ ದಾಟಬೇಕಾಗುತ್ತದೆ ಎಂದು ದಾರಿಯುದ್ದಕ್ಕೂ ಮಂಡಿಗೆ ಸಮಾಧಾನ ಹೇಳಿಕೊಂಡು ಬಂದೆ, ಇಲ್ಲಿ ನೋಡಿದರೆ ರಾಜಬೀದಿಯನ್ನೇ ಮಾಡಿಟ್ಟಿದ್ದೀರಲ್ಲ ಎಂದು ನಕ್ಕರು. ಮಗು ಹೇಗಿದೆಯೋ, ತಾಯಿಯ ಜ್ವರ ಇಳಿಯಿತೋ ಇಲ್ಲವೋ ಎಂದು ತಾವೇ ಹೇಳಿಕೊಂಡರು. ಬಂಡೆಯ ಮೇಲೆ ಡಬ್ಬಿ ಇಟ್ಟು ಒಂದು ಕ್ಷಣ ಸುಧಾರಿಸಿಕೊಂಡರು.

ಆಗ ಅವರ ಕಣ್ಣು ಮೊಣಕೈ ತನಕ ಗ್ಲೌಸ್ ಹಾಕಿಕೊಂಡಿದ್ದ ಗಿಲಕಿಯ ಮೇಲೆ ಬಿತ್ತು. ಟೋಪಿಯ ಮೇಲೆಲ್ಲ ಮರದ ಹುಡಿ.

"ನೀನೂ ಕೆಲಸಕ್ಕೆ ಬಂದಿದೀಯಾ? ಭೇಷ್," ಎಂದರು. ಗರಗಸದಣ್ಣನ ಕಡೆ ಕತ್ತು ಹೊರಳಿಸಿ ಕೇಳಿದರು, "ಇವರು ನಿನಗೇನಾಗ್ಬೇಕು ಪುಟ್ಟಾ?"

ಗರಗಸದಣ್ಣ ಬಟ್ಟೆಯ ತುಂಡಿನಿಂದ ಗರಗಸದ ಅಲಗು ಒರೆಸುತ್ತಿದ್ದರು. ಬಟ್ಟೆ ನಿಂತಿತು. ಅವರು ತಲೆ ಎತ್ತಲಿಲ್ಲ. ಹಲ್ಲುಗಳಲ್ಲಿ ಏನೋ ಸಿಕ್ಕಿಕೊಂಡಿದೆ ಎಂಬಂತೆ ಅದನ್ನೇ ನೋಡುತ್ತಾ ಕೂತರು.

ಗಿಲಕಿ ಯೋಚಿಸಿದಳು. ತುಂಬ ಹೊತ್ತೇನೂ ಬೇಕಾಗಲಿಲ್ಲ.

"ನಮ್ಮ ಮನೆಯವರು," ಎಂದಳು.

ನರ್ಸಮ್ಮನಿಗೆ ನಗು ತಡೆಯಲಾಗಲಿಲ್ಲ. "ಅಯ್ಯೋ ನನ್ನ ಕಂದ, ನಮ್ಮ ಮನೆಯವರು ಅಂತ ಹೇಳೋದು ಗಂಡನಿಗೆ ಕಣೇ," ಎಂದು ಡಬ್ಬಿ ಹೆಗಲಿಗೇರಿಸಿಕೊಂಡು ಎದ್ದರು. ನಗುತ್ತಲೇ ತೆರೆದ ದಾರಿಯಲ್ಲಿ ಛತ್ರಿ ಊರಿಕೊಂಡು ಮೇಲಕ್ಕೆ ಹತ್ತಿದರು.

ಗಿಲಕಿಗೆ ಒಂದು ಕ್ಷಣ ಅನುಮಾನವಾಯಿತು. ಆ ಮಾತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿ ನೋಡಿದಳು. ನಮ್ಮ. ಮನೆಯವರು. ಹಿಂದೆ ಮುಂದೆ ಮಾಡಿ ನೋಡಿದಳು. ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಅವರ ಕೈಯಲ್ಲಿದ್ದ ಬಟ್ಟೆ ಮತ್ತೆ ಅಲಗಿನ ಮೇಲೆ ಓಡಾಡತೊಡಗಿತ್ತು, ಆಗಲೇ ಒರೆಸಿ ಹೊಳೆಯುತ್ತಿದ್ದ ಜಾಗದಲ್ಲೇ, ಮತ್ತೆ ಮತ್ತೆ.

ಗಿಲಕಿ ಅದನ್ನು ನೋಡಿದಳು. ನೋಡಿದೆ ಎಂದು ತೋರಿಸಿಕೊಳ್ಳಲಿಲ್ಲ.